ಸುಳಿ ನೋಡುವವರು ರೆಪ್ಪೆಯನ್ನೂ ನೋಡಬೇಕು

ದನ ಕೊಳ್ಳುವಾಗ ತುಮಕೂರು ಸೀಮೆಯ ರೈತರ ಕಣ್ಣು ತಪ್ಪಿಸುವುದು ಕಷ್ಟ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆಗೆ ಹೋಗಿ ನೋಡಿ. ತುಟಿ ಎತ್ತಿ ಹಲ್ಲು ಎಣಿಸುವವರು, ಬೆನ್ನು ಸವರಿ ಸುಳಿ ಹುಡುಕುವವರು, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವವರು ಸಾಲುಗಟ್ಟಿ ಸಿಗುತ್ತಾರೆ. ಸೀಮೆಹಸುವಾದರೆ ಕೆಚ್ಚಲು, ಮೊಲೆತೊಟ್ಟು, ಹಾಲಿನ ನರ ನೋಡುತ್ತಾರೆ. ಕಣ್ಣರೆಪ್ಪೆಯ ಅಂಚು ಕಪ್ಪಗಿದೆಯೋ ನಸುಗೆಂಪಗಿದೆಯೋ ಎಂದು ನೋಡಿ ಬೆಲೆ ಕಟ್ಟಿದವರನ್ನು ಮಾತ್ರ ನಾನು ಕಂಡಿಲ್ಲ. ಆ ಹಸು ಮುಂದೆ ಹೇಗೆ ಬಾಳುತ್ತದೆ ಎಂಬುದನ್ನು ಸುಳಿಗಿಂತ ರೆಪ್ಪೆಯ ಬಣ್ಣವೇ ಹೆಚ್ಚು ಹೇಳುತ್ತದೆ. ದನಗಳ ಕಣ್ಣಿನ ಕ್ಯಾನ್ಸರಿನ ಕಥೆ ಶುರುವಾಗುವುದೇ ಆ ಬಣ್ಣದಿಂದ.

ಚೇಳೂರನ್ನೇ ತೆಗೆದುಕೊಳ್ಳೋಣ. ಚಿಕ್ಕಬಳ್ಳಾಪುರದ ಕಡೆಯ ಚೇಳೂರಲ್ಲ, ಗುಬ್ಬಿ ತಾಲೂಕಿನ ಹೋಬಳಿ. ಹಲಸಿನ ಮಾರುಕಟ್ಟೆಗೂ ‘ಸಿದ್ದು’ ಹಲಸಿಗೂ ಹೆಸರಾದ ಊರು. ಇಲ್ಲಿ ಹಲಸು, ಅಡಿಕೆ, ತೆಂಗು ತಮ್ಮ ತಮ್ಮ ಕಾಲಕ್ಕೆ ದುಡ್ಡು ಕೊಡುತ್ತವೆ. ಮನೆಯ ದಿನಸಿ, ಮಕ್ಕಳ ಫೀಸು, ಔಷಧದ ಚೀಟಿ ನಡೆಯುವುದು ಡೈರಿಯ ಬಟವಾಡೆಯಿಂದ. ಬೆಳಿಗ್ಗೆ ಸಂಜೆ ಊರೂರಿನ ಸಂಘದಲ್ಲಿ ಅಳೆದ ಹಾಲು ಮಲ್ಲಸಂದ್ರದ ಜಿಲ್ಲಾ ಹಾಲು ಒಕ್ಕೂಟ ಸೇರುತ್ತದೆ. ಆ ಹಾಲು ಕೊಡುವುದು ಹೆಚ್ಚಿನ ಮಟ್ಟಿಗೆ ‘ಎಚ್ಚೆಫ್’ ಎಂದು ಎಲ್ಲರ ಬಾಯಲ್ಲಿರುವ ಹೋಲ್‌ಸ್ಟೀನ್ ಫ್ರೀಷಿಯನ್ ಮಿಶ್ರತಳಿ.

ಈ ಮಿಶ್ರಣಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಇತಿಹಾಸವೇ ಇದೆ. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೈರಿ ಫಾರಂನಲ್ಲಿ. ಅದನ್ನು ಮಾಡಿದವರು ಸಂಪತ್ ಕುಮಾರನ್. ವೀರ್ಯ ಹೋಲ್‌ಸ್ಟೀನ್ ಹೋರಿಯದು, ಹಸುಗಳು ಹಳ್ಳಿಕಾರ್. ಮುಂದೆ ಹೆಸರಘಟ್ಟದಲ್ಲಿ ವೀರ್ಯ ಹೆಪ್ಪುಗಟ್ಟಿಸುವ ಕೇಂದ್ರ ಬಂತು, ಊರಿಗೊಂದು ಸಂಘ ಬಂತು, ಬೈಕಿನ ಹಿಂದೆ ಕ್ಯಾನು ಕಟ್ಟಿಕೊಂಡು ‘ಸೂಜಿ ಹಾಕುವವರು’ ಮನೆ ಬಾಗಿಲಿಗೇ ಬಂದರು. ಹಾಲು ಹೆಚ್ಚಿತು, ಮನೆಗಳು ನಿಂತವು. ಅದರ ಬಗ್ಗೆ ತಕರಾರಿಲ್ಲ. ಆದರೆ ತಳಿಯ ಜೊತೆಗೆ ಅದರ ಚರ್ಮವೂ ಬಂತು ಎಂಬುದನ್ನು ಯಾರೂ ರೈತನಿಗೆ ಹೇಳಲಿಲ್ಲ.

ಹಳ್ಳಿಕಾರ್ ದನದ ಮುಖ ನೋಡಿ. ಮೈ ಬೂದು ಬಿಳಿ ಇದ್ದರೂ ಕಣ್ಣಿನ ಸುತ್ತ, ಮೂಗಿನ ಮೇಲೆ, ರೆಪ್ಪೆಯ ಅಂಚಿನಲ್ಲಿ ಕಾಡಿಗೆ ಕಪ್ಪು. ಅಮೃತಮಹಲ್‌ಗೂ ಅಷ್ಟೇ. ಆ ಕಪ್ಪು ಬರೀ ಅಂದವಲ್ಲ. ಸೂರ್ಯನ ನೇರಳಾತೀತ ಕಿರಣವನ್ನು ತಡೆಯುವ ಬಣ್ಣದ ಕಣಗಳು ಅಲ್ಲಿ ದಟ್ಟವಾಗಿವೆ. ಕಪ್ಪುಬಿಳಿ ಮಚ್ಚೆಯ ಹೋಲ್‌ಸ್ಟೀನ್‌ನಲ್ಲಿ ಕಪ್ಪು ಪಟ್ಟೆ ಕಣ್ಣಿನ ಮೇಲೆ ಬಿದ್ದರೆ ಹಸು ಬಚಾವ್. ಹಣೆಯ ಬಿಳಿ ಕೆಳಗಿಳಿದು ಕಣ್ಣನ್ನು ಆವರಿಸಿದರೆ ರೆಪ್ಪೆ ನಸುಗೆಂಪಾಗಿ, ಬಿಳಿಗುಡ್ಡೆಯ ಅಂಚು ಬೆತ್ತಲೆಯಾಗಿ ಉಳಿಯುತ್ತದೆ. ತಳಿಯ ತವರಾದ ಉತ್ತರ ಜರ್ಮನಿ, ಹಾಲೆಂಡಿನ ಮಂಕು ಬಿಸಿಲಿಗೆ ಅಷ್ಟು ಸಾಕು. ತುಮಕೂರು ಇರುವುದು ಭೂಮಧ್ಯರೇಖೆಯಿಂದ ಬರೀ 13 ಡಿಗ್ರಿ ಉತ್ತರಕ್ಕೆ, ಸಮುದ್ರಮಟ್ಟದಿಂದ 800 ಮೀಟರ್ ಆಸುಪಾಸಿನ ಎತ್ತರದಲ್ಲಿ. ಬಯಲುಸೀಮೆಯ ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಬಣವೆಯ ಪಕ್ಕ ಗೂಟಕ್ಕೆ ಕಟ್ಟಿದ ಹಸುವಿನ ಕಣ್ಣು ಏನು ಪಾಡು ಪಡುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ರೋಗದ ಹೆಸರು ಸ್ಕ್ವೇಮಸ್ ಸೆಲ್ ಕಾರ್ಸಿನೋಮ. ಕಣ್ಣಿನ ಹೊರಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಅಮೆರಿಕದಲ್ಲಿ ಇದು ಬಿಳಿಮುಖದ ಹೆರೆಫರ್ಡ್ ತಳಿಯ ಶಾಪ. ಅಲ್ಲಿನ ಕಸಾಯಿಖಾನೆಗಳಲ್ಲಿ ಮಾಂಸ ತಿರಸ್ಕೃತವಾಗಲು ಬಹುಕಾಲ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಹಾಗಾಗಿ ದನಗಳ ಕ್ಯಾನ್ಸರುಗಳ ಪೈಕಿ ಹೆಚ್ಚು ಅಧ್ಯಯನ ಕಂಡದ್ದೂ ಇದೇ. ಟೆಕ್ಸಸ್‌ನಲ್ಲಿ ರಸೆಲ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಬರಹ ಇಂದಿಗೂ ಈ ವಿಷಯದ ಬುನಾದಿ. ರೋಗ ಹಂತಹಂತವಾಗಿ ಬೆಳೆಯುತ್ತದೆ, ಕಣ್ಣಿನ ಸುತ್ತಲ ಬಣ್ಣ ವಂಶದಲ್ಲಿ ಇಳಿದು ಬರುತ್ತದೆ, ಬಣ್ಣ ಹೆಚ್ಚಿದಷ್ಟೂ ರೋಗ ಕಡಿಮೆ: ಅಲ್ಲಿನ ದಶಕಗಳ ಕೆಲಸದಿಂದ ತಿಳಿದುಬಂದದ್ದು ಇದು. ಪ್ಯಾಪಿಲೋಮ ಎಂಬ ನರುಲಿ ವೈರಸ್ಸಿನ ಪಾತ್ರದ ಬಗ್ಗೆ ವಾದ ಮುಗಿದಿಲ್ಲ. ಬಿಸಿಲು ಮತ್ತು ಬಣ್ಣದ ಬಗ್ಗೆ ಯಾರಿಗೂ ಅನುಮಾನವಿಲ್ಲ.

ವಯಸ್ಸಾದ ದನಕ್ಕೆ ಬರುವ ಕಾಯಿಲೆ ಇದು. ಮೂರು ವರ್ಷದ ಒಳಗೆ ಅಪರೂಪ, ಏಳೆಂಟರ ಹೊತ್ತಿಗೆ ಹೆಚ್ಚು. ಅಂದರೆ ಹಸು ಬಾಯಿಗೂಡಿ, ನಾಲ್ಕೈದು ಕರು ಹಾಕಿ, ಮನೆಯವರಿಗೆ ಅದರ ಮೇಲೆ ಪೂರ್ತಿ ನಂಬಿಕೆ ಬಂದ ಕಾಲಕ್ಕೆ. ಮೊದಲು ಕಾಣುವುದು ಕರಿಗುಡ್ಡೆ ಬಿಳಿಗುಡ್ಡೆ ಸೇರುವ ಗೆರೆಯ ಮೇಲೆ, ಇಲ್ಲವೇ ಮೂಗಿನ ಕಡೆಯ ಮೂಲೆಯಲ್ಲಿ ಅಡಗಿರುವ ಒಳರೆಪ್ಪೆಯ ತುದಿಯಲ್ಲಿ, ಒಂದು ಉಬ್ಬಿದ ಬಿಳಿ ಚುಕ್ಕೆ. ರಾಗಿಕಾಳಿನಷ್ಟಿರಬಹುದು. ಬಳಿಕ ಅದೇ ನರುಲಿಯಂತೆ ಒರಟಾಗುತ್ತದೆ. ಕೆಳರೆಪ್ಪೆಯ ಮೇಲಾದರೆ ಕೊಂಬಿನಂಥ ಗಟ್ಟಿ ಹಕ್ಕಳೆ ಕಟ್ಟುತ್ತದೆ. ಕಿತ್ತರೆ ರಕ್ತ, ವಾರಕ್ಕೆ ಮತ್ತೆ ಹಕ್ಕಳೆ. ಆಮೇಲೆ ಹೂಕೋಸಿನ ಹಾಗೆ ಹರಡುವ ಕೆಂಪು ಮಾಂಸ, ಕೀವು, ದುರ್ನಾತ, ನೊಣ, ಕೊನೆಗೆ ಹುಳು. ‘ಕಣ್ಣಲ್ಲಿ ಮಾಂಸ ಬೆಳ್ದೈತೆ’ ಎಂದು ದನ ಆಸ್ಪತ್ರೆಗೆ ಬರುವುದು ಸಾಮಾನ್ಯವಾಗಿ ಈ ಕೊನೆಯ ಹಂತದಲ್ಲಿ. ನಮ್ಮ ದೇಶದ ಎಚ್ಚೆಫ್ ಮಿಶ್ರತಳಿಗಳ ವರದಿಗಳನ್ನು ಓದಿದರೆ ಒಳರೆಪ್ಪೆಯ ಗಂಟುಗಳೇ ಮತ್ತೆ ಮತ್ತೆ ಎದುರಾಗುತ್ತವೆ. ಸುಲಭವಾಗಿ ಕತ್ತರಿಸಿ ತೆಗೆಯಬಹುದಾದ ಜಾಗವೂ ಅದೇ. ಅದನ್ನು ಬಳಸಿಕೊಳ್ಳುವವರು ಕಡಿಮೆ.

ನಡುವೆ ಕಳೆಯುವ ತಿಂಗಳುಗಳಲ್ಲಿ ಏನಾಗುತ್ತದೆ? ನಮ್ಮ ಕಡೆ ಕಣ್ಣಿನ ಕಾಯಿಲೆ ಎಲ್ಲಕ್ಕೂ ಒಂದೇ ಹೆಸರು: ‘ಹೂ ಬಿದ್ದಿದೆ’. ಚಾಟಿಯ ತುದಿ ಬಡಿದದ್ದು, ಹುಲ್ಲಿನ ಗರಿ ಚುಚ್ಚಿದ್ದು, ಕಣ್ಣುಬೇನೆ, ಕಣ್ಣಿನ ಹುಳು, ಕ್ಯಾನ್ಸರ್ ಎಲ್ಲವೂ ಹೂವೇ. ಇವನ್ನು ಬೇರೆ ಮಾಡಿ ನೋಡುವುದು ಕಷ್ಟವೇನಲ್ಲ. ಕಣ್ಣುಬೇನೆಯಾದರೆ ನೊಣದ ಕಾಲದಲ್ಲಿ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ, ನಾಲ್ಕಾರು ದಿನದಲ್ಲೇ ಕರಿಗುಡ್ಡೆ ಮಬ್ಬಾಗುತ್ತದೆ. ಹುಳುವಾದರೆ ರೆಪ್ಪೆಯ ಅಡಿಯಲ್ಲಿ ಬಿಳಿ ದಾರದಂತೆ ಹರಿದಾಡುವುದು ಕಾಣುತ್ತದೆ. ಪೆಟ್ಟಾದರೆ ಪೆಟ್ಟಿನ ದಿನ ಮನೆಯವರಿಗೆ ನೆನಪಿರುತ್ತದೆ. ಕ್ಯಾನ್ಸರ್ ಸಾಮಾನ್ಯವಾಗಿ ಒಂದೇ ಕಣ್ಣಿನಲ್ಲಿ, ಒಂದೇ ಹಸುವಿಗೆ, ನಿಧಾನಕ್ಕೆ, ಮೇಲೆದ್ದ ಮಾಂಸವಾಗಿ ಬರುತ್ತದೆ. ಮುಲಾಮು ಹಚ್ಚಿ ಎರಡು ವಾರವಾದರೂ ಕುಗ್ಗದೆ ಇರುವ ಯಾವ ಉಬ್ಬನ್ನೂ ಹೂ ಎಂದು ಬಿಡಬಾರದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಇರುವ ಮುಲಾಮು ಗಾಯವಾದ ಕರಿಗುಡ್ಡೆಯನ್ನು ಇನ್ನಷ್ಟು ಕೆಡಿಸುತ್ತದೆ.

ನಾಟಿ ಔಷಧದ ಮಾತಿಗೆ ಬಂದರೆ, ಅದನ್ನು ಬೈದು ಮುಗಿಸುವುದು ಸುಲಭ. ಆದರೆ ತುಂಬೆರಸ ಬಿಟ್ಟೆವು, ವಾಸಿಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಶುರುವಿನ ಬಿಳಿ ಚುಕ್ಕೆ, ನರುಲಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಯಾವ ಔಷಧವೂ ಇಲ್ಲದೆ ತಾನಾಗೇ ಕರಗಿಹೋಗುತ್ತದೆ ಎಂಬುದನ್ನು ವಿದೇಶಿ ಹಿಂಡುಗಳನ್ನು ವರ್ಷಗಟ್ಟಲೆ ಗಮನಿಸಿದವರು ಕಂಡುಕೊಂಡಿದ್ದಾರೆ. ಆ ಹಸುವಿಗೆ ಯಾವ ರಸ ಹಾಕಿದ್ದರೂ ಅದಕ್ಕೇ ಹೆಸರು ಬರುತ್ತಿತ್ತು. ಉಳಿದ ಎರಡು ಹಸುಗಳ ಸುದ್ದಿ ಊರಲ್ಲಿ ಹರಡುವುದಿಲ್ಲ. ಹೀಗೆ ಒಂದೊಂದು ಊರಿನಲ್ಲೂ ಒಬ್ಬೊಬ್ಬ ಕಣ್ಣಿನ ಪಂಡಿತ. ಕೆಲವು ಮದ್ದುಗಳಂತೂ ನೇರ ಅಪಾಯ. ಗೊರಸಿನ ಸಂದಿನಲ್ಲೋ ಬೆನ್ನಿನ ಗಾಯದಲ್ಲೋ ಹುಳು ಬಿದ್ದಾಗ ಸೀತಾಫಲದ ಬೀಜದ ಪುಡಿ ಹಾಕುವ ರೂಢಿ ಇದೆ. ಅದೇ ಪುಡಿ ಕಣ್ಣಿಗೆ ತಾಗಿದರೆ ಕರಿಗುಡ್ಡೆಯನ್ನು ಸುಟ್ಟುಹಾಕುತ್ತದೆ. ಕಣ್ಣಿನ ಪಕ್ಕ ಬರೆ ಹಾಕುವುದೂ ಇನ್ನೂ ನಿಂತಿಲ್ಲ.

ಇನ್ನು ಚಿಕಿತ್ಸೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ‘ಕ್ಯಾನ್ಸರ್’ ಎಂದ ಕೂಡಲೇ ಕೈಚೆಲ್ಲುವ ನಮಗೆ ಈ ಕ್ಯಾನ್ಸರ್ ಅಷ್ಟು ಹೆದರಬೇಕಾದದ್ದಲ್ಲ ಎಂಬುದು ಗೊತ್ತಾಗಬೇಕು. ಇದು ಬಹುಕಾಲ ಹುಟ್ಟಿದ ಜಾಗದಲ್ಲೇ ಬೆಳೆಯುತ್ತದೆ. ತಡವಾದ ಮೇಲಷ್ಟೇ ಕಿವಿಯ ಬುಡದ ಕೆಳಗಿನ ದುಗ್ಧಗ್ರಂಥಿಗೆ ಇಳಿದು, ಅಲ್ಲಿಂದ ಕತ್ತಿಗೆ, ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ಆಟ ನಮ್ಮ ಕೈಯಲ್ಲಿರುತ್ತದೆ.

ಒಳರೆಪ್ಪೆಯ ಗಂಟಾದರೆ, ಆ ಜಾಗ ಮರಗಟ್ಟಿಸಿ, ರೆಪ್ಪೆಯನ್ನು ಬುಡದಿಂದ ಕತ್ತರಿಸಿ ತೆಗೆಯುವುದು ತಾಲೂಕು ಪಶು ಆಸ್ಪತ್ರೆಯಲ್ಲಿ ಹಸು ನಿಂತಿರುವಾಗಲೇ ಆಗುವ ಕೆಲಸ. ಕಣ್ಣು ಉಳಿಯುತ್ತದೆ. ಕರಿಗುಡ್ಡೆಯ ಅಂಚಿನ ಚಿಕ್ಕ ಗಂಟನ್ನು ಸವರಿ ತೆಗೆದು ಆ ಜಾಗವನ್ನು ಹೆಪ್ಪುಗಟ್ಟಿಸಬಹುದು. ಗಂಟು ಕಣ್ಣುಗುಡ್ಡೆಯನ್ನೇ ತಿಂದಿದ್ದರೆ ಗುಡ್ಡೆ, ರೆಪ್ಪೆ, ಸುತ್ತಲ ಮಾಂಸ ಎಲ್ಲವನ್ನೂ ತೆಗೆದು ಚರ್ಮ ಹೊಲಿಯುತ್ತಾರೆ. ಕೇಳಲು ಘೋರ. ಆದರೆ ಗುಡ್ಡೆಯ ಹಿಂದಿನ ನರಗಳನ್ನು ಮರಗಟ್ಟಿಸುವ ಪೀಟರ್ಸನ್ ವಿಧಾನ ಪಶುವೈದ್ಯರಿಗೆಲ್ಲ ಪಾಠವಾಗಿರುವಂಥದ್ದು. ಹೊಲಿಗೆ ಎರಡು ವಾರದ ಸುಮಾರಿಗೆ ಬಿಚ್ಚುತ್ತಾರೆ; ತಿಂಗಳುಗಟ್ಟಲೆ ನೋವು ತಿಂದು ಮೇವು ಬಿಟ್ಟಿದ್ದ ಹಸು ಆಮೇಲೆ ಮೇವಿಗೆ ಬಾಯಿ ಹಾಕುತ್ತದೆ. ಒಕ್ಕಣ್ಣಿನ ಹಸು ಹಾಲು ಕೊಡುವುದಕ್ಕೂ ಕರು ಹಾಕುವುದಕ್ಕೂ ಅಡ್ಡಿಯಿಲ್ಲ. ಕುರುಡು ಬದಿಯಿಂದ ಸದ್ದಿಲ್ಲದೆ ಹೋಗಿ ಮುಟ್ಟಬಾರದು, ಕೊಟ್ಟಿಗೆಯಲ್ಲಿ ಆ ಬದಿಗೆ ಗೋಡೆ ಬರುವಂತೆ ಕಟ್ಟಬೇಕು, ಅಷ್ಟೇ. ಮಾರುವಾಗ ಬೆಲೆ ಬೀಳುತ್ತದೆ ಎಂಬುದು ನಿಜ.

ಹೆಪ್ಪುಗಟ್ಟಿಸುವ ವಿಧಾನದ ಮೇಲೆ ನನಗೆ ವಿಶೇಷ ಆಸೆ ಇದೆ, ಅದಕ್ಕೆ ಕಾರಣವೂ ಇದೆ. 1976ರಲ್ಲಿ ಅಮೆರಿಕದ ಫ್ಯಾರಿಸ್ ಮತ್ತು ಫ್ರೌನ್‌ಫೆಲ್ಡರ್ ನೂರಾರು ಗಂಟುಗಳ ಮೇಲೆ ಇದನ್ನು ಮಾಡಿ ನೋಡಿದರು. ಒಮ್ಮೆ ಹೆಪ್ಪುಗಟ್ಟಿಸಿ ಬಿಟ್ಟಾಗ ಶೇಕಡಾ 66ರಷ್ಟು ವಾಸಿಯಾದವು. ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೊಮ್ಮೆ ಹೆಪ್ಪುಗಟ್ಟಿಸಿದಾಗ ಶೇಕಡಾ 97. ವ್ಯತ್ಯಾಸವೆಲ್ಲ ಆ ಎರಡನೇ ಸಲದ್ದು. ಕಣ್ಣುಗುಡ್ಡೆಗೆ ವ್ಯಾಸಲೀನ್ ಸವರಿ, ಥರ್ಮಾಕೋಲ್ ಚೂರು ಅಡ್ಡವಿಟ್ಟು ಕಾಪಾಡುತ್ತಾರೆ. ಇದಕ್ಕೆ ಬೇಕಾದ ಮುಖ್ಯ ವಸ್ತು ದ್ರವ ಸಾರಜನಕ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ತಂಪಿನದು. ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಿಗುವ ವಸ್ತು ಎಂದುಕೊಳ್ಳಬೇಡಿ. ಸೂಜಿ ಹಾಕುವವರ ಬೈಕಿನ ಹಿಂದಿನ ಕ್ಯಾನಿನಲ್ಲಿ ವೀರ್ಯದ ಕಡ್ಡಿಗಳು ಮುಳುಗಿರುವುದು ಅದರಲ್ಲೇ. ಬಿಳಿಮುಖದ ಕರುವನ್ನು ಊರಿಗೆ ತಂದ ಕ್ಯಾನಿನಲ್ಲೇ ಅದರ ಕಣ್ಣಿನ ಮದ್ದೂ ಇದೆ. ಸಿಂಪಡಿಸುವ ಸಣ್ಣ ಉಪಕರಣ ಮತ್ತು ಒಂದೆರಡು ದಿನದ ತರಬೇತಿಯನ್ನು ಪಶುಪಾಲನಾ ಇಲಾಖೆಯೋ ಹಾಲು ಒಕ್ಕೂಟವೋ ಹೋಬಳಿ ಪಶುವೈದ್ಯರಿಗೆ ಕೊಟ್ಟರೆ ಸಾಕು. ರೈತರು, ಗರ್ಭಧಾರಣೆ ಕಾರ್ಯಕರ್ತರು ತಾವೇ ಪ್ರಯೋಗಕ್ಕಿಳಿಯಬಾರದು ಎಂದು ಒತ್ತಿ ಹೇಳುತ್ತೇನೆ. ಒಂದು ಹನಿ ತಪ್ಪಿ ಬಿದ್ದರೂ ಒಳ್ಳೆಯ ಕಣ್ಣೂ ಹೋಗುತ್ತದೆ, ಕೈಬೆರಳೂ ಹೋಗುತ್ತದೆ.

ಬೇರೆ ದಾರಿಗಳೂ ಇವೆ. ಗಂಟನ್ನು 50 ಡಿಗ್ರಿಗೆ ಅರ್ಧ ನಿಮಿಷ ಕಾಯಿಸುವ ಬ್ಯಾಟರಿ ಉಪಕರಣ ಅಮೆರಿಕದಲ್ಲಿ ಬಳಕೆಗೆ ಬಂತು. ಅಳತೆ ತಪ್ಪದ ಆ ಶಾಖಕ್ಕೂ ನಮ್ಮ ಬರೆಗೂ ಸಂಬಂಧವಿಲ್ಲ. ಸ್ಟ್ರಾನ್ಷಿಯಂ ವಿಕಿರಣ ಚಿಕ್ಕ ಗಂಟುಗಳಿಗೆ ಒಳ್ಳೆಯದೇ, ಹಳ್ಳಿಗೆ ಆಗದ ಮಾತು. ಗಂಟಿನೊಳಗೆ ಬಿಸಿಜಿ ಲಸಿಕೆ, ಇಂಟರ್‌ಲ್ಯೂಕಿನ್ ಚುಚ್ಚಿ ಮೈಯ ರೋಗನಿರೋಧಕ ಶಕ್ತಿಯನ್ನೇ ಕೆರಳಿಸುವ ಪ್ರಯೋಗಗಳು ನಡೆದಿವೆ, ಜಿಂಬಾಬ್ವೆಯ ದನಗಳ ಮೇಲಿನದು ಅವುಗಳಲ್ಲಿ ಹೆಸರಾದದ್ದು. ಕ್ಯಾನ್ಸರ್ ಔಷಧ ಕೊಡುವುದಕ್ಕೆ ಉದಾಹರಣೆ ನಮ್ಮ ದೇಶದ್ದೇ ಆದ ಇನ್ನೊಂದು ಕ್ಯಾನ್ಸರ್, ಕೊಂಬಿನದು. ಉದ್ದ ಕೊಂಬಿನ ವಯಸ್ಸಾದ ಎತ್ತುಗಳಿಗೆ ಕೊಂಬಿನ ಒಳತಿರುಳಿನಲ್ಲಿ ಹುಟ್ಟಿ, ಕೊಂಬು ವಾಲಿ, ಮೂಗಿನಲ್ಲಿ ರಕ್ತ ಬರುವ ಕಾಯಿಲೆ. ಅದೂ ಇದೇ ಜಾತಿಯ ಕೋಶದ್ದು. ಕೊಂಬನ್ನು ಬುಡದಿಂದ ತೆಗೆದು ವಿನ್‌ಕ್ರಿಸ್ಟಿನ್ ಕೊಡುವುದನ್ನು ನಮ್ಮ ಪಶುವೈದ್ಯರು ಚೆನ್ನಾಗಿ ರೂಢಿಸಿಕೊಂಡಿದ್ದಾರೆ. ಆ ಮದ್ದಿನ ಮೂಲ ನಮ್ಮ ಅಂಗಳದ ನಿತ್ಯಪುಷ್ಪ ಗಿಡ. ಹಾಗೆಂದು ಸೊಪ್ಪು ಅರೆದು ಹಚ್ಚಲು ಹೋಗಬೇಡಿ, ಆ ಗಿಡ ವಿಷ.

ಹಾಲಿನ ಪ್ರಶ್ನೆಯನ್ನು ಎಲ್ಲರೂ ಪಿಸುಮಾತಿನಲ್ಲಿ ಕೇಳುತ್ತಾರೆ. ಈ ಕ್ಯಾನ್ಸರ್ ಹಸುವಿನಿಂದ ಹಸುವಿಗೆ ಅಂಟುವುದಿಲ್ಲ, ಹಾಲಿನಿಂದ ಮನುಷ್ಯರಿಗೂ ಬರುವುದಿಲ್ಲ. ಆದರೆ ಆಂಟಿಬಯಾಟಿಕ್ ಕೊಟ್ಟ ದಿನಗಳಲ್ಲಿ ವೈದ್ಯರು ಹೇಳಿದಷ್ಟು ಕಾಲ ಹಾಲನ್ನು ಡೈರಿಗೆ ಹಾಕಬಾರದು. ಕ್ಯಾನ್ಸರ್ ಔಷಧವನ್ನೇ ಕೊಡುತ್ತಿದ್ದರೆ ಆ ಹಾಲನ್ನು ಮನುಷ್ಯರಿಗೂ ಕರುವಿಗೂ ಕೊಡದೆ ಚೆಲ್ಲಬೇಕು. ನಷ್ಟ ಹೌದು. ಕತ್ತರಿಸಿ, ಹೆಪ್ಪುಗಟ್ಟಿಸಿ ಮುಗಿಸುವ ಚಿಕಿತ್ಸೆಯನ್ನು ನಾನು ಮೆಚ್ಚಲು ಇದೂ ಒಂದು ಕಾರಣ.

ವಿದೇಶಿ ಪುಸ್ತಕಗಳಲ್ಲಿ ಈ ರೋಗದ ಪರಿಹಾರ ಎಂದು ಬರೆದಿರುವುದರಲ್ಲಿ ದೊಡ್ಡದು ಒಂದೇ ಸಾಲು: ಹರಡುವ ಮುನ್ನ ಕಸಾಯಿಖಾನೆಗೆ ಮಾರಿ. ಆ ಸಾಲು ನಮಗೆ ನಡೆಯುವುದಿಲ್ಲ. ಕರ್ನಾಟಕದ 2020ರ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2021ರಲ್ಲಿ ಜಾರಿಗೆ ಬಂದ ಮೇಲೆ 13 ವರ್ಷ ದಾಟಿದ ಎಮ್ಮೆ ಕೋಣಗಳ ಹೊರತು ಉಳಿದ ದನ ಕಡಿಯುವಂತಿಲ್ಲ. ಕಾಯ್ದೆಯ ಪರ ವಿರೋಧದ ವಾದ ಇಲ್ಲಿ ಬೇಡ. ಅದರ ಒಂದು ಪರಿಣಾಮ ಮಾತ್ರ ನೇರ: ಮಾರಿ ಕಳೆದುಕೊಳ್ಳುವ ದಾರಿ ಮುಚ್ಚಿರುವಾಗ, ಬೇಗ ಚಿಕಿತ್ಸೆ ಮಾಡಿಸದ ರೈತ ಆ ಹಸುವನ್ನು ಕೊನೆಯವರೆಗೂ ಕೊಟ್ಟಿಗೆಯಲ್ಲೇ ಕಾಣಬೇಕು. ಹಾಗೆ ಕಾಣಲಾರದವರು ಕತ್ತಲಲ್ಲಿ ದಲ್ಲಾಳಿಗೆ ಒಪ್ಪಿಸುತ್ತಾರೆ, ಇಲ್ಲವೇ ಗೋಶಾಲೆಯ ಬಾಗಿಲಿಗೆ ಬಿಟ್ಟು ಬರುತ್ತಾರೆ. ಕಣ್ಣಿನ ಗುಳಿಯಲ್ಲಿ ಹುಳು ತುಂಬಿ, ಮೂಳೆಯವರೆಗೆ ಕೊರೆದ ಹಸುವನ್ನು ‘ಗೋಮಾತೆ’ ಎಂದು ಕೈಮುಗಿದು ನರಳಲು ಬಿಡುವುದು ಧರ್ಮವೆಂದು ನನಗನ್ನಿಸುವುದಿಲ್ಲ. ವಾಸಿಯಾಗದಷ್ಟು ನರಳುವ ಪ್ರಾಣಿಗೆ ನೋವಿಲ್ಲದ ಸಾವು ಕೊಡಿಸಲು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 13ನೇ ಕಲಮಿನಲ್ಲೇ ದಾರಿ ಇದೆ. ಪಶುವೈದ್ಯರು ಆ ಮಾತೆತ್ತಲು ಹಿಂಜರಿಯುತ್ತಾರೆ, ರೈತ ಕೇಳಲು ಹೆದರುತ್ತಾನೆ. ಇಲಾಖೆ ಇದರ ವಿಧಾನವನ್ನು ಸ್ಪಷ್ಟ ಸುತ್ತೋಲೆಯಲ್ಲಿ ಬರೆದು ಪ್ರತಿ ಪಶು ಆಸ್ಪತ್ರೆಯ ಗೋಡೆಗೆ ಅಂಟಿಸಬೇಕು.

ತಡೆಯುವ ಕೆಲಸ ಇನ್ನೂ ಹಿಂದಿನಿಂದ ಶುರುವಾಗಬೇಕು. ಕಣ್ಣಿನ ಸುತ್ತ ಬಿಳಿ ಇರುವ ಹಸುವಿಗೆ ನೆರಳು ಬೇಕೇ ಬೇಕು. ತೆಂಗಿನ ತೋಟ ಇರುವ ಗುಬ್ಬಿ ಸೀಮೆಯವರಿಗೆ ಇದು ಹೊರೆಯಲ್ಲ, ಗೂಟದ ಜಾಗ ಬದಲಿಸಿದರಾಯಿತು. ಅಂಥ ಹಸುವಿಗೆ ಸೂಜಿ ಹಾಕಿಸುವಾಗ ಕಪ್ಪು ರೆಪ್ಪೆಯ ಹೋರಿಯದು ಕೇಳಬೇಕು. ವೀರ್ಯ ಕೇಂದ್ರಗಳು ಹೋರಿಯ ತಾಯಿಯ ಹಾಲಿನ ಲೆಕ್ಕ ಕೊಡುವಂತೆ ರೆಪ್ಪೆಯ ಬಣ್ಣವನ್ನೂ ಪಟ್ಟಿಯಲ್ಲಿ ಹಾಕಬೇಕು. ಈಗ ದನಗಳ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದೆ. ಕಣ್ಣಿನ ಗಂಟು ಕಂಡ ಪ್ರತಿ ಹಸುವನ್ನೂ ಆ ಸಂಖ್ಯೆಯ ಎದುರು ಬರೆದಿಟ್ಟರೆ ಯಾವ ಹೋರಿಯ ಹೆಣ್ಣುಕರುಗಳಿಗೆ ಇದು ಹೆಚ್ಚು ಬರುತ್ತಿದೆ ಎಂದು ಕೆಲವೇ ವರ್ಷದಲ್ಲಿ ತಿಳಿಯುತ್ತದೆ. ಕಣ್ಣು ಕಳೆದುಕೊಂಡ ಹಸು ಹಾಲಿನಲ್ಲಿ ಎಷ್ಟೇ ಮುಂದಿರಲಿ, ಅದರ ಹೆಣ್ಣುಕರುವನ್ನು ಬಿಳಿಮುಖದ್ದಾದರೆ ತಳಿಗೆ ಉಳಿಸಿಕೊಳ್ಳಬಾರದು. ಕಠಿಣವಾದ ಮಾತು ಎಂದು ಗೊತ್ತು.

ಉಳಿದದ್ದು ಈಗ ಕೊಟ್ಟಿಗೆಯಲ್ಲಿರುವ ಹಸುವಿನ ವಿಷಯ. ಐದು ವರ್ಷ ದಾಟಿದ ಸೀಮೆಹಸುವಿನ ಎರಡೂ ಕಣ್ಣನ್ನು ತಿಂಗಳಿಗೊಮ್ಮೆ ಬೆಳಕಿಗೆ ತಿರುಗಿಸಿ ನೋಡಿ. ಮೇಲಿನ ರೆಪ್ಪೆಯ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಳರೆಪ್ಪೆ ತಾನಾಗೇ ಹೊರಗೆ ಬರುತ್ತದೆ; ಅದರ ಅಂಚು ನುಣುಪಾಗಿರಬೇಕು. ಉಬ್ಬು ಕಂಡರೆ ಹೋಬಳಿಯ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ‘ಕಣ್ಣಲ್ಲಿ ನೀರು ಸೋರುತ್ತೆ’ ಎಂದು ಹೇಳಬೇಡಿ, ಮುಲಾಮು ಬರೆದುಕೊಡುತ್ತಾರೆ. ‘ಕಣ್ಣಲ್ಲಿ ಗಂಟು ಬೆಳೀತಿದೆ, ತೆಗೆಸಬೇಕು’ ಎಂದೇ ಹೇಳಿ. ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿ ಹಾಕಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಪರೀಕ್ಷೆಗೆ ಕಳಿಸುವಂತೆ ಕೇಳಿ. ಗುಬ್ಬಿಯಿಂದ ಅಲ್ಲಿಗೆ ಅರ್ಧ ದಿನದ ದಾರಿಯೂ ಇಲ್ಲ.